ಏಳು ಗಂಟೆಯ ಸುದ್ದಿ

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಹತ್ತೂಕಾಲಿಗೆ ದೇವದುರ್ಗ ತಾಲೂಕಿನ ಜಾಲಹಳ್ಳಿ ಠಾಣೆಗೆ ದೂರು ಬಂತು. ರಾಯಚೂರಿನ ಸಣ್ಣ ಕೇಬಲ್ ಚಾನೆಲ್ 'ಎರೆನಾಡು ಟಿವಿ'ಯ ದೇವದುರ್ಗ ಕಚೇರಿ ನೋಡಿಕೊಳ್ಳುವ ಅಂಬರೀಶ, ತುಂಡಾದ ಕೇಬಲ್ಲನ್ನು ಪಿಎಸ್‌ಐ ಉಮಾದೇವಿಯ ಮೇಜಿನ ಮೇಲಿಟ್ಟ. ಒಂದೇ ಓಣಿ, ಒಂಬತ್ತು ದಿನ, ಒಂಬತ್ತು ಸಲ.

“ಯಾವಾಗ ಕಡೀತಾರ?”

“ಸಂಜಿ ಏಳರ ಸುದ್ದಿಗಿ ಮೊದಲರೀ. ಮುಂಜಾನಿ ನಾವು ಜೋಡಸ್ತೀವಿ, ಸಂಜಿಕ ಮತ್ತ ಕಡದಿರ್ತಾರ.”

“ಸುದ್ದ್ಯಾಗ ಯಾರ ಮ್ಯಾಲರ ಏನರ ಹೇಳೀರೇನು?”

“ಇಲ್ರೀ ಮೇಡಂ. ಸುದ್ದಿ ಓದೋ ನಮ್ಮ ಶಶಿಕಲಾ ಹತ್ತು ದಿನದ ಹಿಂದ ಮಾನ್ವಿ ರಸ್ತ್ಯಾಗ ಅಪಘಾತದಾಗ ತೀರಿಕೊಂಡ್ಳು. ದಿನಾ ಸುದ್ದಿ ಮೊದಲಿಗಿ ಆಕಿ ಫೋಟೊಕ್ಕ ಹಾರ ಹಾಕಿ ತೋರಸಾಕತ್ತೀವಿ, ಅಷ್ಟ.”

“ಟಿವಿ ಬರಂಗಿಲ್ಲಂತ ಓಣಿಯವರು ಎಷ್ಟು ಮಂದಿ ಫೋನ್ ಮಾಡ್ಯಾರ?”

“ಒಬ್ರೂ ಇಲ್ರೀ.”

ಉಮಾದೇವಿಯ ಕಿವಿ ನೆಟ್ಟಗಾಯಿತು. ಧಾರಾವಾಹಿ ಐದು ನಿಮಿಷ ನಿಂತರೆ ಭೂಮಿ ಆಕಾಶ ಒಂದು ಮಾಡುವ ಜನ, ಒಂಬತ್ತು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆಂದರೆ, ಕಡಿಯುವವನು ಯಾರೆಂದು ಓಣಿಗೆಲ್ಲ ಗೊತ್ತಿದೆ.

ಎಫ್‌ಐಆರ್ ದಾಖಲಾಯಿತು. ಕೇಬಲ್ಲು ಕುಡುಗೋಲಿನಿಂದ ಕಡಿದದ್ದೆಂದು ಪಂಚನಾಮೆಯಲ್ಲಿ ಬರೆದರು. ಪಂಚರಲ್ಲೊಬ್ಬಳಾಗಿ ಸಹಿ ಹಾಕಿದ ಅದೇ ಓಣಿಯ ಸುಗ್ರಾ ಬೇಗಂ ಯಾರೂ ಕೇಳದೆಯೇ ಹೇಳಿದಳು: “ನಮಗ ಟಿವಿ ಬ್ಯಾಡ್ರಿ ಮೇಡಂ. ಇದನ್ನ ಇಲ್ಲಿಗೇ ಬಿಡ್ರಿ.”

ಸಂಜೆ ಉಮಾದೇವಿ ಅಂಬರೀಶನನ್ನೂ ಕರೆದುಕೊಂಡು ಓಣಿಯಲ್ಲಿ ಮರೆಯಾಗಿ ಕಾದಳು. 6.40ಕ್ಕೆ ಹೆಡ್ ಕಾನ್‌ಸ್ಟೆಬಲ್ ತಾಯಣ್ಣ, ಬಿದಿರು ಗಳಕ್ಕೆ ಕುಡುಗೋಲು ಕಟ್ಟಿಕೊಂಡು ಕಂಬದ ಕೆಳಗೆ ನಿಂತಿದ್ದವನ ಕೈ ಹಿಡಿದ. ಅವನು ವೆಂಕಣ್ಣ, ಸತ್ತ ಶಶಿಕಲಾಳ ತಂದೆ.

“ಯಾಕ ಯಪ್ಪಾ?” ಉಮಾದೇವಿ ಕೇಳಿದಳು.

“ನನ್ನ ಹೇಣ್ತಿಗಿ ಲಕ್ವಾ ಹೊಡದು ಹಾಸಿಗಿ ಹಿಡದಾಳ್ರೀ. ಮಗಳನ್ನ ಮಾನ್ವ್ಯಾಗ ತಮ್ಮನ ಹೊಲದಾಗ ಮಣ್ಣು ಮಾಡಿ ಬಂದೆ. ಆಕಿಗಿ ಹೇಳಾಕ ಬಾಯಿ ಬರಲಿಲ್ಲ. ರಾಯಚೂರಾಗ ಸುದ್ದಿ ಓದಾಕತ್ತಾಳಂತ ಇನ್ನಾ ತಿಳಕೊಂಡಾಳ.”

“ನಿಮ್ಮ ಮನಿ ವಾಯರ್ ಒಂದ ಕಿತ್ತಿದ್ರ ಸಾಕಿತ್ತಲ್ಲ?”

“ಬಾಜೂ ಮನಿ ಸುದ್ದಿ ಗ್ವಾಡಿ ದಾಟಿ ಕೇಳತದರೀ. ಬ್ಯಾರೆ ಹುಡುಗಿ ದನಿ ಕೇಳಿದ್ರ ಆಕಿ ಜೀವ ಉಳೀತದೇನು?”

ಆದರೂ ಕೇಸು ಕೇಸೇ. ಉಮಾದೇವಿ ದಸ್ತಗಿರಿ ಬರೆಸಿ, ಇವತ್ತೇ ಠಾಣೆಯಲ್ಲಿ ಜಾಮೀನು ಕೊಡೋಣ ಎಂದಳು. ಉದ್ದೇಶದ ಸಾಲಿನಲ್ಲಿ ತಾಯಣ್ಣ 'ಹೆಂಡತಿಯ ಸಲುವಾಗಿ' ಎಂದಷ್ಟೇ ಬರೆದ.

ಅಷ್ಟರಲ್ಲಿ ಕಂಬದ ಪಕ್ಕದ ಮನೆಯೊಳಗಿಂದ ವೆಂಕಣ್ಣನ ಹೆಂಡತಿ ಹಣಮಮ್ಮನ ತೊದಲು ದನಿ ಬಂತು: “ಯಾರದು ಹೊರಗ? ಏಳು ಆಗಾಕ ಬಂತು, ಟಿವಿ ಇನ್ನಾ ನಡದದ ನೋಡ್ರಿ! ಇವತ್ತು ನನ್ನ ಮಗಳು ಕಾಣತಾಳ. ಒಳಗ ಬರ್ರಿ!”

ದೂರು ಕೊಟ್ಟ ಅಂಬರೀಶ ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದು ತಾನೇ ಕಂಬ ಹತ್ತಿದ. 6.58ಕ್ಕೆ ಓಣಿಯ ಟಿವಿಗಳೆಲ್ಲ ಸುಮ್ಮನಾದವು.

ಉಮಾದೇವಿ ಹೊಸ್ತಿಲ ಬಳಿ ಹೋಗಿ ನಿಂತಳು. “ಇವತ್ತೂ ವಾಯರ್ ಕಡದದ ಯವ್ವಾ,” ಎಂದಳು.