ಹಾಡಲು ಯಾರೂ ಇಲ್ಲದವನು

"ಸ್ನಾನಕ್ಕೆ ಬರೋರು ಟವೆಲ್ ತರ್ತಾರಪ್ಪ. ನೀನು ನೋಡಿದ್ರೆ ಥರ್ಮಾಮೀಟರ್ ತಂದಿದ್ದೀಯ!"

ಹುಹಾನಾಳ ಮಾತಿಗೆ, ಬಿಸಿನೀರ ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ರಾವಿರಿ ತಲೆಯೆತ್ತಿದ. ಹಬೆಯಿಂದ ಅವನ ಕನ್ನಡಕ ಮಂಜಾಗಿತ್ತು. ಅದನ್ನು ಒರೆಸುವ ನೆಪದಲ್ಲಿ ಅವನು ತನ್ನನ್ನೇ ನೋಡುತ್ತಾನೆಂದು ಅವಳಿಗೆ ಮೂರು ತಿಂಗಳಿಂದ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದರಲ್ಲಿ ಎಂಥ ಸುಖ!

"ನಾಳೆ ಸಭೇಲಿ ನನ್ನ ವಿರುದ್ಧ ಮಾತಾಡ್ತೀಯಾ?" ಅವನು ಕೇಳಿದ.

"ಮಾತಾಡದೆ ಇರ್ತೀನಾ? ಅಜ್ಜಿ ಈ ಕೊಳಾನ ನನ್ನ ಕೈಗೆ ಒಪ್ಪಿಸಿ ಹೋಗಿದ್ದಾಳೆ."

ಕೊಳದ ಹತ್ತಿರವೇ ಒಂದು ವಿದ್ಯುತ್ ಸ್ಥಾವರವಿತ್ತು, ಊರಿನ ಮೂಲನಿವಾಸಿ ಮಾವೊರಿ ಜನರದೇ. ನೆಲದಾಳದ ಬಿಸಿನೀರಿನ ಜೊತೆ ಬರುವ ಇಂಗಾಲದ ಅನಿಲವನ್ನು ಗಾಳಿಗೆ ಬಿಡುತ್ತಿದ್ದರು. ಅದನ್ನು ನೀರಿನಲ್ಲೇ ಕರಗಿಸಿ ಬಂದ ಜಾಗಕ್ಕೇ ವಾಪಸು ಕಳಿಸೋಣ ಎಂಬುದು ಎಂಜಿನಿಯರ್ ರಾವಿರಿಯ ಯೋಜನೆ. ಆಮೇಲೆ ಕೊಳದ ಗತಿಯೇನು ಎಂಬುದು ಹುಹಾನಾಳ ದಿಗಿಲು. ಊರು ಒಪ್ಪದಿದ್ದರೆ ಅವನು ಶುಕ್ರವಾರವೇ ದಕ್ಷಿಣ ದ್ವೀಪಕ್ಕೆ ಹೊರಟುಬಿಡುತ್ತಾನೆ. ಯೋಜನೆ ಬೇಡ, ಅವನು ಬೇಕು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಮರುದಿನ ಸಭಾಮನೆಯಲ್ಲಿ ಅವಳು ಖಡಾಖಂಡಿತವಾಗಿ ಬೇಡವೆಂದಳು. ಮಾತು ಮುಗಿದ ಕೂಡಲೇ ಚಿಕ್ಕಮ್ಮಂದಿರು ಎದ್ದು ಅವಳಿಗಾಗಿ ಹಾಡಿದರು. ಮಾತಾಡಿದವರ ಹಿಂದೆ ಅವರ ಬಂಧುಗಳು ನಿಂತು ಹಾಡಲೇಬೇಕು. ಹಾಡಿಲ್ಲದ ಮಾತಿಗೆ ಇಲ್ಲಿ ಬೆನ್ನೆಲುಬಿಲ್ಲ.

ಆಮೇಲೆ ರಾವಿರಿ ಎದ್ದ. "ಸ್ಥಾವರದ ಒಂದೇ ಬಾವೀಲಿ ಒಂದು ವರ್ಷ ಮಾಡಿ ನೋಡೋಣ. ಕೊಳದ ನೀರು ಕೊಂಚ ಬದಲಾದ್ರೂ ನಿಲ್ಲಿಸೋ ಅಧಿಕಾರ ಹುಹಾನಾಗೇ ಇರ್ಲಿ."

ಮಾತು ಮುಗಿಯಿತು. ಯಾರೂ ಏಳಲಿಲ್ಲ. ಅವನ ಬಂಧುಗಳೆಲ್ಲ ಕಡಲಾಚೆಯ ದಕ್ಷಿಣ ದ್ವೀಪದಲ್ಲಿದ್ದರು. ಕಿವಿ ಕೆಂಪೇರಿಸಿಕೊಂಡು ಅವನು ಒಂಟಿಯಾಗಿ ನಿಂತೇ ಇದ್ದ. ಹುಹಾನಾ ಅವನನ್ನೇ ನೋಡಿದಳು. ಅಯ್ಯೋ, ಇದನ್ನು ನೋಡುತ್ತಾ ಕೂರುವುದು ಹೇಗೆ?

ಅವಳು ಎದ್ದು ಹೋಗಿ ಅವನ ಪಕ್ಕ ನಿಂತು, ಅಜ್ಜಿ ಕಲಿಸಿದ ಹಾಡು ತೆಗೆದಳು. ಚಿಕ್ಕಮ್ಮಂದಿರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ದನಿಗೂಡಿಸಿದರು.

"ಏನೇ ಹುಡುಗಿ, ಬೇಡ ಅಂದವಳೂ ನೀನೇ, ಅವನಿಗೆ ಹಾಡಿದವಳೂ ನೀನೇ!" ಊರ ಹಿರಿಯ ಹೋನೆ ಅಜ್ಜ ನಕ್ಕ. "ಆಯ್ತು, ಒಂದು ವರ್ಷ ನೋಡೇಬಿಡೋಣ."

ಹೊರಗೆ ಬಂದಾಗ ರಾವಿರಿ ಕೇಳಿದ, "ಹಾಗಾದ್ರೆ ಯೋಜನೆ ಒಪ್ಪಿದೆಯಾ?"

"ಇಲ್ಲ. ನೀರು ಒಂಚೂರು ಹೆಚ್ಚುಕಮ್ಮಿ ಆದ್ರೂ ನಿಲ್ಲಿಸ್ತೀನಿ. ಮುಲಾಜಿಲ್ಲ."

"ಮತ್ತೆ ಹಾಡಿದ್ದು?"

"ನಿನಗೆ ಯಾರೂ ಇಲ್ಲ ಅಂತ ಊರೆಲ್ಲ ನೋಡ್ತಿತ್ತಲ್ಲೋ, ಪೆದ್ದು." ಹುಹಾನಾ ಅವನ ಕೈ ಹಿಡಿದಳು. "ನಾನಿದ್ದೀನಿ."

ಚಿಕ್ಕಮ್ಮಂದಿರು ಬಾಗಿಲಲ್ಲೇ ನಿಂತು ನೋಡುತ್ತಿದ್ದರೂ ಅವಳು ಕೈ ಬಿಡಲಿಲ್ಲ.