ಕೆಂಪು ತಟ್ಟೆಯ ಕೊನೆಯ ಹಾಡು

ಅವಳು ಟ್ರಂಬೋನ್ ಊದಿದರೆ ಮೂರು ಬೀದಿಯಾಚೆ ಮಲಗಿದ್ದ ನಾಯಿ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಿತ್ತು. ನಂಬದಿದ್ದರೆ ಆ ನಾಯಿಯನ್ನೇ ಕೇಳಿ.

ಅಂಥವಳು ತಾಲೀಮಿನ ಕೊನೆಯ ಹಾಡನ್ನು ಹಾಡುತ್ತಾ, ಸಾಲುಗಳ ನಡುವೆ ಮೈಮರೆತು ಊದುತ್ತಿರುವಾಗ, ಸಭಾಂಗಣದಲ್ಲಿ ಎಲ್ಲವೂ ಒಮ್ಮೆಲೇ ಸತ್ತುಹೋಯಿತು. ಗಿಟಾರ್ ಸತ್ತಿತು, ಕೀಬೋರ್ಡ್ ಸತ್ತಿತು, ಮೈಕುಗಳು ಕೊನೆಯುಸಿರೆಳೆದವು. ಒಂಟಿಯಾಗಿ ಉಳಿದ ಟ್ರಂಬೋನ್ ದಾರಿ ತಪ್ಪಿದ ಎಮ್ಮೆಯಂತೆ ಒಮ್ಮೆ ಕೂಗಿ, ನಾಚಿಕೊಂಡು ಸುಮ್ಮನಾಯಿತು.

ಕರೆಂಟು ಹೋಗಿರಲಿಲ್ಲ. ಹಿಂದೆ ಸೌಂಡ್ ಮೇಜಿನ ಮುಂದೆ ಕುಳಿತವನು ಸದ್ದಿನ ಗುಂಡಿಯನ್ನು ಪೂರ್ತಿ ಕೆಳಕ್ಕೆ ಎಳೆದಿದ್ದ.

"ಎರಡು ಸಾಲು ನುಂಗಿದ್ರಿ," ಎಂದ.

ಅವನನ್ನು ಎಲ್ಲರೂ ಗುಮ್ಮ ಎನ್ನುತ್ತಿದ್ದರು. ವರ್ಷಕ್ಕೊಂದು ಮಾತಾಡುವ ಆಸಾಮಿ. ಆ ವರ್ಷದ ಮಾತನ್ನು ಅವಳ ಮೇಲೆ ಖರ್ಚು ಮಾಡಿದ್ದ.

ಅವಳಿಗೆ ಬ್ಯಾಂಡಿನವರಿಟ್ಟ ಹೆಸರು ಪೀಪಿ. ಡ್ರಮ್ಸ್ ಬಾರಿಸುವ ಚಿಕ್ಕಪ್ಪ ಕಟ್ಟಿದ ಬ್ಯಾಂಡ್ ಅದು. ಹಗಲು ದಂತವೈದ್ಯರಾಗಿ ಜನರ ಹಲ್ಲು ಕೀಳುತ್ತಿದ್ದ ಅವರು, ಸಂಜೆ ಅದೇ ಜನರನ್ನು ಹಲ್ಲು ಕಿರಿಯುವಂತೆ ಕುಣಿಸುತ್ತಿದ್ದರು. ಬ್ಯಾಂಡಿನವರು ನುಡಿಸುತ್ತಿದ್ದುದು ಸ್ಕಾ ಎಂಬ ಜಮೈಕಾದ ಕುಣಿತದ ಸಂಗೀತ. ತಾಳದ ಪೆಟ್ಟು ಬೀಳುವಲ್ಲಿ ಗಿಟಾರ್ ಸುಮ್ಮನಿದ್ದು, ಪೆಟ್ಟಿಲ್ಲದ ಖಾಲಿ ಜಾಗದಲ್ಲಿ 'ಚಕ್' ಎನ್ನುತ್ತದೆ. ಆ ಚಕ್‌ಚಕ್ಕಿಗೆ ಸಾಲಗಾರನೂ ಕುಣಿಯುತ್ತಾನೆ, ಸಾಲ ಕೊಟ್ಟವನೂ ಕುಣಿಯುತ್ತಾನೆ.

ಈ ಸಲ ಅವರು ಕೈ ಹಾಕಿದ್ದು ಊರಿಗೆ ಊರೇ ಎದೆಗೊತ್ತಿಕೊಂಡಿದ್ದ ಒಂದು ಹಳೆಯ ರಾಕ್ ಆಲ್ಬಮ್ಮಿಗೆ. ಗ್ರಾಮಫೋನ್ ತಟ್ಟೆಯ ಕವರು ಕೆಂಪಗಿದ್ದುದರಿಂದ ಎಲ್ಲರ ಬಾಯಲ್ಲೂ ಅದು ಕೆಂಪು ತಟ್ಟೆ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಒಂದನ್ನೂ ಬಿಡದೆ, ಸ್ಕಾ ಮಾಡಿ ನುಡಿಸುವುದೆಂದು ತೀರ್ಮಾನವಾಗಿತ್ತು. ಪೀಪಿಯ ಹಟ ಅದು. ತೀರಿಕೊಂಡ ಅಮ್ಮ ದಿನಾ ಹಾಕುತ್ತಿದ್ದ ತಟ್ಟೆ. ಕೊನೆಯ ನಿಧಾನದ ಹಾಡನ್ನಂತೂ ಅಮ್ಮ ಅಡುಗೆಮನೆಯಿಂದಲೇ ಜೊತೆಗೆ ಹಾಡುತ್ತಿದ್ದಳು.

"ನಾನು ಏನೂ ನುಂಗಿಲ್ಲ. ಹಾಡು ಇರೋದೇ ಹಾಗೆ," ಎಂದಳು ಪೀಪಿ.

"ಇಲ್ಲ. ಕುಣಿಸೋಕೆ ಅಡ್ಡ ಬಂತು ಅಂತ ಕತ್ತರಿಸಿದೀರಿ. ತಮಾಷೆ ಮಾಡ್ಬೇಕಂದ್ರೆ ಬೇರೆ ಹಾಡು ಹುಡುಕಿಕೊಳ್ಳಿ."

ತಮಾಷೆಯಾ... ಅಮ್ಮನ ಹಾಡನ್ನು ನಾನು ತಮಾಷೆ ಮಾಡುತ್ತೇನಾ?

ಅವಳ ಕಣ್ಣು ತುಂಬಿತು. ತುಂಬಿದ್ದು ಕಾಣಬಾರದೆಂದು ನಾಲಿಗೆ ಹರಿತವಾಯಿತು. ಗುಂಡಿ ತಿರುಗಿಸುವವನಿಗೆ ಹಾಡಿನ ಬಗ್ಗೆ ಏನು ಗೊತ್ತು ಎಂದುಬಿಟ್ಟಳು. ಗುಮ್ಮ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ. ಧಡಾರೆಂದು ಬಡಿದಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ನಾಡಿದ್ದು ಕಾರ್ಯಕ್ರಮ. ಆ ಹಾಳು ಸ್ಪೀಕರುಗಳು ಅವನೊಬ್ಬನ ಮಾತು ಮಾತ್ರ ಕೇಳುತ್ತಿದ್ದವು. ಬೇರೆ ಯಾರು ಮುಟ್ಟಿದರೂ ಹೊಟ್ಟೆನೋವು ಬಂದವರಂತೆ ನರಳುತ್ತಿದ್ದವು.

ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಾಗ, ಚಿಕ್ಕಪ್ಪ ಮಾತ್ರ ಡ್ರಮ್ಮಿನ ಸ್ಕ್ರೂ ಬಿಗಿಮಾಡುವ ನೆಪದಲ್ಲಿ ಮುಖ ಮರೆಸಿಕೊಂಡಿದ್ದರು. ಬಿಗಿದಿದ್ದನ್ನೇ ಮತ್ತೆ ಬಿಗಿಯುತ್ತಿದ್ದರು.

"ಚಿಕ್ಕಪ್ಪಾ... ಏನದು?"

"ಅವನು ಹೇಳಿದ್ದು ನಿಜ ಕಣೇ, ಮಗಳೇ."

ಆಮೇಲೆ ಅವರು ಹೇಳಿದ್ದು ಇಷ್ಟು. ಪೀಪಿಗೆ ಇನ್ನೂ ನಡಿಗೆ ನೆಟ್ಟಗಾಗದ ವಯಸ್ಸು. ಚಮಚ ಹಿಡಿದು ತಟ್ಟೆಯ ಮೇಲೆ ಚಿತ್ರ ಬಿಡಿಸಿದ್ದಳು. ಅಂದಿನಿಂದ ಮುಳ್ಳು ಕೊನೆಯ ಹಾಡಿನ ಆ ಗೀರಿಗೆ ಬಂದರೆ ಎರಡು ಸಾಲು ಹಾರುತ್ತಿತ್ತು. ಅಮ್ಮ ಬೈಯಲಿಲ್ಲ. ಬದಲಿಗೆ ತಾನೂ ಹಾರಿಸಿಯೇ ಹಾಡತೊಡಗಿದಳು. ಮಗು ತನ್ನಿಂದ ಏನೋ ಮುರಿಯಿತು ಅಂದುಕೊಳ್ಳಬಾರದು, ಯಾರೂ ಹೇಳಕೂಡದು ಎಂದು ಮನೆಯವರಿಂದೆಲ್ಲ ಆಣೆ ಹಾಕಿಸಿಕೊಂಡಿದ್ದಳು.

"ಅತ್ತಿಗೆ ಮಾತು. ನಾನು ಹೇಗಮ್ಮಾ ಮೀರಲಿ," ಎಂದರು ಚಿಕ್ಕಪ್ಪ.

ರೇಡಿಯೋದವರಿಗೆ ಬೇಕಿದ್ದುದು ಮೊದಲ ಅಬ್ಬರದ ಹಾಡುಗಳು, ಕೊನೆಯದನ್ನು ಅವರು ಹಾಕುತ್ತಲೇ ಇರಲಿಲ್ಲ. ಬೇರೆಯವರ ಮನೆಯಲ್ಲಿ ಕೊನೆಯ ಹಾಡು ಶುರುವಾದರೆ ಪೀಪಿ ಎದ್ದು ಹೊರಗೆ ಹೋಗುತ್ತಿದ್ದಳು. ಅದನ್ನು ಅಮ್ಮನ ತಟ್ಟೆಯಲ್ಲಲ್ಲದೆ ಕೇಳಲಾರಳು. ಬ್ಯಾಂಡಿನವರೋ, ಅವಳೇ ಬೇಕೆಂದು ಕತ್ತರಿಸಿದ್ದಾಳೆ ಎಂದುಕೊಂಡಿದ್ದರು. ಹೀಗಾಗಿ ಲೋಕಕ್ಕೆಲ್ಲ ಗೊತ್ತಿದ್ದ ಎರಡು ಸಾಲು, ಹಾಡನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವಳಿಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಗುಮ್ಮನ ರಿಪೇರಿ ಅಂಗಡಿಗೆ ಹೋದಳು. ಹೊಟ್ಟೆ ಬಿಚ್ಚಿಕೊಂಡ ಸ್ಪೀಕರುಗಳು, ವೈರಿನ ರಾಶಿ, ಬೆಸುಗೆಯ ವಾಸನೆ. ಕೂರಲು ಜಾಗ ಮಾಡಲು ಅವನಿಗೆ ಅರ್ಧ ಯುಗ ಬೇಕಾಯಿತು.

"ತಪ್ಪು ನನ್ನದು," ಎಂದು ಎಲ್ಲ ಹೇಳಿದಳು. "ಆ ಹಾಡು... ಪೂರ್ತಿ ಕೇಳಿಸ್ತೀರಾ?"

ಅವನು ತನ್ನ ಕೆಂಪು ತಟ್ಟೆಯನ್ನು ಮಗುವಿನಂತೆ ಎತ್ತಿ ಪ್ಲೇಯರಿನ ಮೇಲಿಟ್ಟ. ಕವರಿನ ಅಂಚಿನಲ್ಲಿ ಹಾಸ್ಟೆಲ್ಲಿನ ಮುದ್ರೆಯಿತ್ತು.

ದಾರಿ ಉದ್ದ, ದೀಪ ಸಣ್ಣದು... ಎಂಬಲ್ಲಿಗೆ ಬಂದಾಗ ಅವಳ ತುಟಿ ತಾನಾಗಿಯೇ 'ಹೊರಡು ಇನ್ನು' ಎಂಬ ಸಾಲಿಗೆ ಜಿಗಿಯಿತು. ಹಾಡು ಜಿಗಿಯಲಿಲ್ಲ.

*ನೀನು ತಡವಾಗಿ ಬಂದರೂ ಸರಿಯೇ,*
*ಈ ಬಾಗಿಲಿಗೆ ಚಿಲಕವಿಲ್ಲ.*

ಇಷ್ಟು ವರ್ಷ ಅದನ್ನು ಬೀಳ್ಕೊಡುವ ಹಾಡೆಂದುಕೊಂಡಿದ್ದಳು. ಅದು ಕಾಯುವ ಹಾಡಾಗಿತ್ತು.

ಅಮ್ಮಾ... ನನಗಾಗಿ ನೀನು ಇದನ್ನೂ ಬಿಟ್ಟುಕೊಟ್ಟೆಯಾ?

ಆಗ ಅವಳು ಅತ್ತದ್ದಕ್ಕೆ ಅಂಗಡಿಯ ವೈರುಗಳೆಲ್ಲ ಶಾರ್ಟ್ ಆಗಬೇಕಿತ್ತು. ಗುಮ್ಮ ಎದ್ದ. ಸ್ಪೀಕರ್ ಒರೆಸುವ ಮೆತ್ತನೆಯ ಬಟ್ಟೆ ಕೊಟ್ಟ, ಒಗೆದದ್ದು.

"ಹಾಸ್ಟೆಲ್‌ನಲ್ಲಿ ಬೆಳೆದೋನು ನಾನು," ಎಂದ, ತಟ್ಟೆಯನ್ನು ಕವರಿಗೆ ಸೇರಿಸುತ್ತಾ. "ನನಗೆ ಮನೆ ಅಂತ ಇದ್ದದ್ದು ಈ ಹಾಡುಗಳು. ಆ ಎರಡು ಸಾಲು ಇಲ್ಲದೆ ಕೇಳಿದಾಗ, ಯಾರೋ ಚಿಲಕ ಹಾಕಿದ ಹಾಗಾಯ್ತು. ಕೋಪ ಬಂತು. ಹಾಗೆ ಆಡಬಾರದಿತ್ತು."

ಹಾಗಾದರೆ ನಾಳೆ ಪೂರ್ತಿ ಹಾಡುತ್ತೀರಾ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಹಾಡಿದರೆ ಅಮ್ಮನ ತ್ಯಾಗ ಅಳಿಸಿದಂತೆ, ಹಾರಿಸಿದರೆ ಅವನ ಮನೆಯ ಬಾಗಿಲು ಮುಚ್ಚಿದಂತೆ. ಆ ಎರಡು ಸಾಲಿನ ಜಾಗವನ್ನು ಖಾಲಿ ಬಿಡುತ್ತೇನೆ, ತಾಳ ಮಾತ್ರ ನಡೆಯಲಿ ಎಂದಳು.

ಕಾರ್ಯಕ್ರಮದ ಸಂಜೆ ಜನ ಗೋಡೆಗೂ ಅಂಟಿಕೊಂಡಿದ್ದರು. ಹಾಡಿನ ಮೇಲೆ ಹಾಡು ಕುಣಿದು, ಸಭಾಂಗಣವೇ ಅಡಿಪಾಯ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದಿತ್ತು. ಕೊನೆಯ ಹಾಡು. ಚಿಕ್ಕಪ್ಪನ ಕಡ್ಡಿಗಳು ಮೆತ್ತಗಾದವು. ಪೀಪಿ ಹಾಡಿದಳು. ದಾರಿ ಉದ್ದ, ದೀಪ ಸಣ್ಣದು...

ನಿಲ್ಲಿಸಿದಳು. ತಾಳ ಒಂದೇ ನಡೆಯಿತು.

ಆಗ ಹಿಂದಿನ ಮೇಜಿನಿಂದ, ಮೈಕ್ ಪರೀಕ್ಷೆಗೆಂದು ಇಟ್ಟುಕೊಂಡ ಪುಟ್ಟ ಮೈಕಿನಲ್ಲಿ, ತುಕ್ಕು ಹಿಡಿದ ಕೀಲಿನಂಥ ದನಿಯೊಂದು ನಡುಗುತ್ತಾ ಎದ್ದಿತು. ನೀನು ತಡವಾಗಿ ಬಂದರೂ ಸರಿಯೇ...

ಅವಳ ಟ್ರಂಬೋನ್ ಮುಂದಿನ ಸಾಲನ್ನು ಮರೆತೇಬಿಟ್ಟಿತು. ಚಿಕ್ಕಪ್ಪ ಆ ಎರಡು ಸಾಲನ್ನು ಮತ್ತೊಮ್ಮೆ ಸುತ್ತಿಸಿದರು, ಮತ್ತೊಮ್ಮೆ, ಜನರೆಲ್ಲ ಹಾಡುವವರೆಗೆ.

ಎಲ್ಲ ಮುಗಿದು ವೈರು ಸುತ್ತುತ್ತಿದ್ದ ಗುಮ್ಮನ ಮುಂದೆ ಬಂದು ನಿಂತಳು.

"ಅಲ್ಲಿ ಖಾಲಿ ಇರಲಿ ಅಂದಿದ್ನಲ್ಲ?"

"ಖಾಲಿ ಜಾಗದಲ್ಲೇ ಅಲ್ವಾ ನಿಮ್ಮ ಸಂಗೀತ ಬಾರಿಸೋದು."

ಅವಳು ನಕ್ಕಳು. ವೈರಿನ ಇನ್ನೊಂದು ತುದಿ ಹಿಡಿದಳು.

"ಶ್ರುತಿ ಒಂಚೂರೂ ಇರ್ಲಿಲ್ಲ."

"ಗೊತ್ತು. ಎಷ್ಟೋ ದಿನದಿಂದ ಹಾಡ್ಬೇಕು ಅಂತಿದ್ದೆ... ನಿಮ್ಮ ಮುಂದೆ. ಸ್ವಲ್ಪ ತಡ ಆಯ್ತು."

ಪೀಪಿ ವೈರು ಸುತ್ತುತ್ತಾ ಸುತ್ತುತ್ತಾ ಅವನ ಕೈಯವರೆಗೂ ಬಂದಿದ್ದಳು.

"ತಡವಾದ್ರೂ ಸರಿ," ಎಂದಳು. "ಬಾ."