ಲೈನ್‌ಗೆ ಹೋದ ಪುಸ್ತಕಗಳು

ಹನ್ನೊಂದು ಪುಸ್ತಕಗಳು ಕಾಣೆಯಾಗಿವೆ ಎಂದು ಗೊತ್ತಾದದ್ದು ಬುಧವಾರ, ಬೀರುಗಳ ಪುಸ್ತಕ ಎಣಿಸುವಾಗ. ಬಾಳ್ಳುಪೇಟೆಯಾಚೆ, ಹೆದ್ದಾರಿ ಬದಿಯ ನಮ್ಮೂರಿನ ಗ್ರಂಥಾಲಯದಲ್ಲಿ ಪುಸ್ತಕವಿರಬೇಕಾದ ಜಾಗದಲ್ಲೆಲ್ಲ ಒಂದೊಂದು ಚೀಟಿ ಸಿಕ್ಕಿಸಿತ್ತು. ಪೆನ್ಸಿಲ್ಲಿನ ಗೀಚು, ಒಂದು ತಾರೀಖು, ಕೆಳಗೆ ‘ಲೈನ್‌ಗೆ’ ಎಂಬ ಒಂದೇ ಮಾತು.

ಗ್ರಂಥಪಾಲಕಿ ಪೂಜಿತಾ ಚೀಟಿಗಳನ್ನು ಲಕೋಟೆಗೆ ಹಾಕಿಕೊಂಡು ಫಹಮೀದಾ ಮನೆಗೆ ಬಂದಳು. ಫಹಮೀದಾ ನಿವೃತ್ತ ಗಣಿತದ ಮೇಡಂ. ಊರಲ್ಲಿ ಏನು ಕಳೆದರೂ ಜನ ಅವಳ ಬಾಗಿಲು ತಟ್ಟುತ್ತಾರೆ. ಪಕ್ಕದ ಮನೆಯವಳಾದ ನಾನು ಎಂದಿನಂತೆ ಅಲ್ಲೇ ಇದ್ದೆ.

“ನಾಡಿದ್ದು ಸಮಿತಿ ಸಭೆ ಮೇಡಂ. ಹೊಸ ನಿಯಮ ಬರೀತಾ ಇದ್ದೆ. ಎಸ್ಟೇಟ್ ಲೈನ್ ಮನೆಯ ಕೂಲಿಯವರಿಗೆ ವಿಳಾಸದ ದಾಖಲೆ ಇಲ್ಲದೆಯೂ ಕಾರ್ಡ್ ಕೊಡೋದು, ಹೆಂಗಸರಿಗೆ ಒಂದು ಬೆಂಚು... ಈಗ ಅಧ್ಯಕ್ಷರು, ಲೈನ್‌ನವರಿಗೆ ಪುಸ್ತಕ ಮನೆಗೇ ಕೊಡಬಾರದು ಅಂತಿದ್ದಾರೆ.”

“ಲೈನ್‌ನಿಂದ ಯಾರು ಬರ್ತಾರೆ?”

“ನೇತ್ರಾವತಿ ಒಬ್ಬಳೇ. ಕಾಫಿ ಕೊಯ್ದು ಬಂದು ಓದ್ತಾಳೆ. ಈ ಸಲ ಪಿಯುಸಿಗೆ ಕಟ್ಟಿದಾಳೆ. ಪುಸ್ತಕ ಮನೆಗೆ ಸಿಗದಿದ್ರೆ ಅವಳ ಓದು ಅಲ್ಲಿಗೇ ನಿಂತ ಹಾಗೆ.”

ಫಹಮೀದಾ ಒಂದು ಚೀಟಿಯನ್ನು ತಿರುಗಿಸಿದಳು. ಹಿಂದೆ ಲಾರಿ ತೂಕದ ರಸೀದಿಯ ಅಚ್ಚು. ಆಮೇಲೆ ಕ್ಯಾಲೆಂಡರ್ ನೋಡಿದಳು.

“ನಿಮ್ಮ ರಜೆ ಯಾವತ್ತು?”

“ಸೋಮವಾರ. ಅಟೆಂಡರ್ ಚಲುವಯ್ಯ ಬಂದು ಗುಡಿಸಿ ಹೋಗ್ತಾರೆ, ಅಷ್ಟೆ.”

ಚಲುವಯ್ಯನನ್ನು ನಾನು ಬಲ್ಲೆ. ನನ್ನ ಕಣ್ಣು ಮಂಜೆಂದು ಪೇಪರನ್ನು ಕಿಟಕಿ ಬಳಿಯ ಮೇಜಿಗೆ ತಂದಿಡುವವನು.

ಶುಕ್ರವಾರ ಸಭೆಗೆ ಎಲ್ಲರೂ ಗ್ರಂಥಾಲಯದಲ್ಲಿ ಸೇರಿದೆವು. ನೇತ್ರಾವತಿ ಬಾಗಿಲ ಬಳಿ ನಿಂತಿದ್ದಳು. ನಾನು ಸರಿದು ಜಾಗ ಕೊಟ್ಟರೂ ಕೂರಲಿಲ್ಲ.

“ಚೀಟಿಲೇ ಬರ್ದೈತಲ್ರೀ, ಲೈನ್‌ಗೆ ಅಂತ! ಇನ್ನು ಪತ್ತೇದಾರಿಕೆ ಯಾಕೆ ಮಾರಾಯ್ರೆ?” ಎಂದರು ಅಧ್ಯಕ್ಷ ರಾಜಶೇಖರ್. ನೇತ್ರಾವತಿ ಕೆಲಸ ಮಾಡುವ ತೋಟ ಅವರದೇ.

“ತಾರೀಖು ನೋಡಿ,” ಎಂದಳು ಫಹಮೀದಾ. “ಹನ್ನೊಂದೂ ಸೋಮವಾರ. ಗ್ರಂಥಾಲಯಕ್ಕೆ ರಜೆ, ತೋಟಕ್ಕೆ ಕೆಲಸ. ಆ ಹನ್ನೊಂದು ದಿನವೂ ನೇತ್ರಾವತಿ ತೋಟದಲ್ಲಿದ್ದಳು. ನಿಮ್ಮ ತೋಟದ ಲೆಕ್ಕ ಬರೆಯೋ ರೈಟರ್ ಹತ್ತಿರ ಹಾಜರಿ ನೋಡಿ ಬಂದೆ. ಇನ್ನು, ಕದಿಯೋರು ಚೀಟಿ ಇಟ್ಟು ಹೋಗಲ್ಲ. ಇಟ್ಟವರಿಗೆ ಪುಸ್ತಕ ವಾಪಸ್ ಬರುತ್ತೆ ಅನ್ನೋ ನಂಬಿಕೆ ಇತ್ತು. ಆ ಚೀಟಿ ಹಿಂದೆ ಇರೋದು ಲಾರಿಯವರ ಜೇಬಿನ ಕಾಗದ.”

“ಹಾಗಾದ್ರೆ ಲೈನ್ ಅಂದ್ರೆ?” ಎಂದರು ರಾಜಶೇಖರ್.

“ನಮ್ಮ ಯಜಮಾನರು ಮೂವತ್ತು ವರ್ಷ ಲಾರಿ ಓಡಿಸಿದರು,” ಎಂದಳು ಫಹಮೀದಾ. “ ಕೇಳಿಕೊಂಡು ಬಂದವರಿಗೆಲ್ಲ ನಾನು ಹೇಳ್ತಿದ್ದದ್ದು ‘ಲೈನ್‌ಗೆ ಹೋಗವ್ರೆ’ ಅಂತಲೇ. ನಿಮಗೆ ಲೈನ್ ಅಂದ್ರೆ ಆಳುಗಳ ಮನೆ. ಲಾರಿಯವರಿಗೆ ದೂರದ ರಸ್ತೆ. ಸೋಮವಾರ ಬೀಗದ ಕೈ ಇರೋದು ಒಬ್ಬರ ಹತ್ತಿರ ಮಾತ್ರ.”

ಅವಳು ಯಾರನ್ನೂ ನೋಡಲಿಲ್ಲ. ಚಲುವಯ್ಯ ತಾನೇ ಮುಂದೆ ಬಂದ.

“ನಾನೇ ಕಣಮ್ಮ. ಘಾಟಿ ಬಂದ್ ಆದ್ರೆ ಡ್ರೈವರ್‌ಗಳು ದಿನಗಟ್ಲೆ ಇಲ್ಲೇ ನಿಂತಿರ್ತಾರೆ. ವಿಳಾಸದ ದಾಖಲೆ ಅಂದ್ರೆ ಎಲ್ಲಿಂದ ತಂದಾರು? ಓದ್ಲಿ ಅಂತ ಕೊಟ್ಟೆ. ಮುಂಚೆ ಕೊಟ್ಟಿದ್ದೆಲ್ಲ ವಾಪಸ್ ಬಂದೈತೆ.”

“ಇವನನ್ನ ಮೊದಲು ಕೆಲಸದಿಂದ ತೆಗೀರಿ,” ಎಂದರು ರಾಜಶೇಖರ್.

“ಕಳ್ಳಿ ಅನ್ನಿಸಿಕೊಂಡವಳು ಇಲ್ಲಿದ್ದಾಳೆ. ಅವಳನ್ನ ಕೇಳಿ,” ಎಂದಳು ಫಹಮೀದಾ.

ನೇತ್ರಾವತಿ ಚಲುವಯ್ಯನ ಕಡೆ ತಿರುಗಿದಳು. “ಕೊಟ್ಟಿದ್ದು ತಪ್ಪು ಅನ್ನಲ್ಲ ಅಣ್ಣ. ಎಲ್ರೂ ನನ್ನ ಕಳ್ಳಿ ಅಂತಿದ್ದಾಗ ನೀವು ಇಲ್ಲೇ ನಿಂತಿದ್ರಲ್ಲ.”

“ಕೆಲಸ ಹೋಗ್ತೈತೆ ಅಂತ ಹೆದರ್ಬುಟ್ಟೆ ಕಣವ್ವ.”

ನೇತ್ರಾವತಿ ಪೂಜಿತಾ ಕಡೆ ತಿರುಗಿದಳು.

“ಅಣ್ಣ ಇರ್ಲಿ ಮೇಡಂ. ಡ್ರೈವರ್‌ಗಳಿಗೆ ಪುಸ್ತಕಾನೂ ಕೊಡ್ಲಿ. ಆದ್ರೆ ತಗೊಂಡೋರ ಹೆಸ್ರು ಬರ್ಕೊಳ್ಲಿ. ಲೈನ್ ಅಂತ ಯಾರ ಹೆಸ್ರೂ ಇಲ್ಲ.”

ಪೂಜಿತಾ ನಿಯಮದ ಹಾಳೆ ಎಳೆದುಕೊಂಡು, ಎಲ್ಲದಕ್ಕಿಂತ ಮೇಲೆ ಅದನ್ನೇ ಬರೆದಳು. ರಾಜಶೇಖರ್ ಓದಿದರು, ತಲೆಯೆತ್ತದೆ ಸಹಿ ಹಾಕಿದರು.

ಆ ಸಂಜೆ ನೇತ್ರಾವತಿ ಇತಿಹಾಸದ ಪುಸ್ತಕ ಮನೆಗೆ ಒಯ್ದಳು. ಚಲುವಯ್ಯ ಅವಳ ಹೆಸರನ್ನೂ ಅವಳ ತಾಯಿಯ ಹೆಸರನ್ನೂ ಕೇಳಿಕೊಂಡು, ಒಂದಕ್ಷರವೂ ಬಿಡದೆ ಬರೆದ.